ಅಮ್ಮನ ಆಲ್ಬಂಗೆ ಫೋಟೊ ಕಳಿಸಿದ ಎಲ್ಲರಿಗೂ

ಅಮ್ಮನ 75ನೇ ಹುಟ್ಟುಹಬ್ಬಕ್ಕೆ ಆಲ್ಬಂ ಕೊಟ್ಟಾಯಿತು. ಊಟಕ್ಕೆ ಕರೆದರೂ ಎದ್ದು ಬರಲಿಲ್ಲ, ಅಷ್ಟು ಖುಷಿ. ಅದಕ್ಕೇ ಈ ಬರಹ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿಂದಿನ ಕತೆ. ಅಪ್ಪ ಕುವೈತಿನಲ್ಲಿ ಕೆಲಸಕ್ಕಿದ್ದರು. 1984ರಲ್ಲಿ ನಮ್ಮನ್ನೂ ಕರೆಸಿಕೊಂಡರು. ಕೊಂಕಣ ರೈಲು ಇಲ್ಲದ ಕಾಲ. ಕುಂದಾಪುರದಿಂದ ಬೊಂಬಾಯಿಗೆ ಬಸ್ಸು, ಅಲ್ಲಿಂದ ವಿಮಾನ. ನನಗೆ ಬೇರೆ ಪಾಸ್‌ಪೋರ್ಟ್ ಕೂಡ ಇರಲಿಲ್ಲ, ಅಮ್ಮನದರಲ್ಲೇ ಹೆಸರು ಸೇರಿಸಿದ್ದರು. ಮೊದಲ ವಿಮಾನ ಪ್ರಯಾಣ ಒಂಚೂರೂ ನೆನಪಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿದ್ದು ಮಾತ್ರ ಚೆನ್ನಾಗಿ ನೆನಪಿದೆ!

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನ್ ತನಕ ಬಸ್ಸು, ಅಲ್ಲಿಂದ ಏರ್ ಇಂಡಿಯಾ. ಹಾಗೆ ಬಂದ 1,70,000ಕ್ಕೂ ಹೆಚ್ಚು ಭಾರತೀಯರಲ್ಲಿ ನಾವೂ ಇದ್ದೆವು. ಅಮ್ಮ ಚಿನ್ನವನ್ನು ಲಂಗದ ಅಂಚಿಗೆ ಹೊಲಿದುಕೊಂಡಿದ್ದರು. ಆಲ್ಬಂಗಳು ಭಾರ ಅಂತ ಫರ್ವಾನಿಯಾದ ಮನೆಯಲ್ಲೇ ಉಳಿದವು. ಮತ್ತೆ ಅಲ್ಲಿಗೆ ಹೋಗುವುದೇ ಆಗಲಿಲ್ಲ.

ಆದರೆ ಅಮ್ಮನಿಗೊಂದು ಅಭ್ಯಾಸವಿತ್ತು. ರೋಲ್ ತೊಳೆಸಿದಾಗಲೆಲ್ಲ ಕೆಲವು ಪ್ರಿಂಟ್ ಜಾಸ್ತಿ ಹಾಕಿಸಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಈಗ ನಮಗೆ ಸಿಕ್ಕಿದ್ದೆಲ್ಲ ಅವೇ. ನಮ್ಮದು ನಮ್ಮ ಹತ್ತಿರ ಉಳಿಯಲಿಲ್ಲ, ಹಂಚಿದ್ದು ಉಳಿಯಿತು.

ಹೆಬ್ರಿಯ ಚಿಕ್ಕಮ್ಮ, ನೀವು ಬಿಸ್ಕತ್ ಡಬ್ಬಿ ತೆರೆದಾಗ ನನಗೆ ಮಾತೇ ಬರಲಿಲ್ಲ. ಇಷ್ಟು ವರ್ಷ ಇಟ್ಟುಕೊಂಡಿದ್ದೀರಲ್ಲ ಅಂದರೆ, "ನೀವ್ ಕಳ್ಸಿದ್ದ್ ಅಲ್ದಾ, ಬಿಸಾಡುಕಾತ್ತಾ?" ಅಂದಿರಿ. ಕುವೈತ್ ಟವರ್ ಎದುರು ನಾನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಫೋಟೊ ಅದರಲ್ಲೇ ಇತ್ತು. ಹಿಂದೆ ಅಮ್ಮನ ದುಂಡು ಅಕ್ಷರ, ನೀಲಿ ಶಾಯಿ: "ನೀನು ಹೊಲಿದ ಫ್ರಾಕ್. ಈಗಲೇ ಗಿಡ್ಡ ಆಗಿದೆ, ಇನ್ನೊಂದು ಕಳಿಸು." ನಿಜ ಹೇಳಬೇಕೆಂದರೆ ಮುಂದಿನ ಚಿತ್ರಕ್ಕಿಂತ ನನಗೆ ಹಿಂದಿನ ಬರಹವೇ ಇಷ್ಟ. ಹಾಗಾಗಿ ಆಲ್ಬಂನಲ್ಲಿ ಎರಡೂ ಬದಿ ಹಾಕಿಸಿದ್ದೇವೆ.

ಕೋಯಿಕ್ಕೋಡಿನ ಆಂಟಿ, ನಮ್ಮ ಪಕ್ಕದ ಮನೆಯಲ್ಲಿದ್ದು ನಮ್ಮ ಜೊತೆಯೇ ಬಸ್ಸು ಹತ್ತಿದವರು ನೀವು. ತಂಗಿಯ ಮೊದಲ ಹುಟ್ಟುಹಬ್ಬದ ಫೋಟೊ ನಿಮ್ಮ ಬಳಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಅವಳು ಅದನ್ನು ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದಾಳೆ.

ಸ್ಟುಡಿಯೊದ ಅಣ್ಣನಿಗೆ ಎಷ್ಟು ಹೇಳಿದರೂ ಸಾಲದು. ಹಳೇ ಅಂಟಿನ ಆಲ್ಬಂಗಳಲ್ಲಿ ಫೋಟೊ ಹಾಳೆಗೆ ಕಚ್ಚಿಕೊಂಡು ಬಿಟ್ಟಿರುತ್ತವೆ, ಎಳೆದರೆ ಹರಿಯುತ್ತವೆ. ಅವರು ಫೋಟೊದ ಅಡಿಗೆ ಗಟ್ಟಿ ನೂಲು ತೂರಿಸಿ, ಗರಗಸದ ಹಾಗೆ ಮೆಲ್ಲಗೆ ಆಚೀಚೆ ಎಳೆದು ಬಿಡಿಸಿದರು. ಬಾರದ್ದನ್ನು ಹಾಳೆ ಸಮೇತ ಸ್ಕ್ಯಾನ್ ಮಾಡಿದರು. ದುಡ್ಡು ಕೊಡಲು ಹೋದರೆ ಅರ್ಧ ವಾಪಸ್ ಕೊಟ್ಟರು.

ಮೂಲ ಫೋಟೊಗಳೆಲ್ಲ ಭದ್ರವಾಗಿವೆ. ಚೌತಿಗೆ ಊರಿಗೆ ಬಂದಾಗ ಅವರವರದ್ದು ಅವರವರ ಮನೆಗೇ ತಂದುಕೊಡುತ್ತೇನೆ. ಅಮ್ಮನೂ ಜೊತೆಗೆ ಬರುತ್ತಾರಂತೆ, ಹಾಗಾಗಿ ಬೇಗ ಹೊರಡುತ್ತೇವೆ ಅಂತ ಮಾತ್ರ ಅಂದುಕೊಳ್ಳಬೇಡಿ.