ಅರ್ಧ ದಾರಿಯಿಂದ ವಾಪಸ್ ಕರ್ಕೊಂಡ್ ಬರೋದೂ ಗೈಡ್ ಕೆಲ್ಸಾನೇ

ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಪೇಪರಿನ ಓದುಗರ ಪತ್ರದಲ್ಲಿ ಬೆಂಗಳೂರಿನವರೊಬ್ರು ಬರ್ದಿದ್ರಲ್ಲ, ಮೂಡಿಗೆರೆ ಕಡೆ ಟ್ರೆಕ್ಕಿಂಗ್‌ಗೆ ಬಂದಿದ್ವಿ, ತಲೆಗಿಷ್ಟು ಅಂತ ದುಡ್ಡು ಕಟ್ಟಿದ್ವಿ, ಗೈಡ್ ಅನ್ನೋನು ಅರ್ಧ ಗುಡ್ಡ ಹತ್ತಿಸಿ ‘ಮಳೆ ಬರುತ್ತೆ ಇಳೀರಿ’ ಅಂತ ವಾಪಸ್ ಕರ್ಕೊಂಡ್ ಬಂದ, ಕೆಳಗೆ ಬಂದ್ಮೇಲೆ ನೋಡಿದ್ರೆ ಒಂದು ಹನೀನೂ ಬೀಳ್ಲಿಲ್ಲ, ದುಡ್ಡೂ ಕೊಡ್ಲಿಲ್ಲ, ಹಗಲು ದರೋಡೆ ಅಂತ. ಆ ಗೈಡ್ ನಾನಲ್ಲ, ಯಾರು ಅಂತ್ಲೂ ಗೊತ್ತಿಲ್ಲ. ಆದ್ರೆ ನಾನೂ ಅದೇ ಕೆಲ್ಸ ಮಾಡೋನು. ಎರಡೆಕರೆ ಕಾಫಿ ಇದೆ, ಮರಕ್ಕೆ ಹಬ್ಬಿಸಿದ ಒಂದಿಷ್ಟು ಮೆಣಸು ಇದೆ, ಅದರಲ್ಲಿ ಮನೆ ನಡಿಯಲ್ಲ ಅಂತ ಹನ್ನೊಂದು ವರ್ಷದಿಂದ ಶನಿವಾರ ಭಾನುವಾರ ಜನರನ್ನ ಗುಡ್ಡಕ್ಕೆ ಕರ್ಕೊಂಡ್ ಹೋಗ್ತಾ ಇದೀನಿ. ಅದ್ಕೆ ಉತ್ತರ ಬರೀಬೇಕು ಅನ್ನಿಸ್ತು, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿ ಹಾಕ್ಬೇಡಿ.

ಮೊದ್ಲು ಅವರ ಮಾತಲ್ಲಿ ಸರಿ ಇರೋದನ್ನ ಒಪ್ಕೊಂಡ್ ಬಿಡ್ತೀನಿ. ಗುಡ್ಡ ಹತ್ತಿಸಿ ಅರ್ಧದಲ್ಲಿ ಇಳಿಸೋದಕ್ಕಿಂತ ಬೆಳಿಗ್ಗೆ ಹೊರಡೋಕೆ ಮುಂಚೇನೇ ಹೇಳ್ಬೇಕಿತ್ತು ಅನ್ನೋದು ಸರಿ. ಎಷ್ಟೋ ಸಲ ಹಾಗೆ ಹೇಳೋಕಾಗುತ್ತೆ. ಆದ್ರೆ ಎಲ್ಲಾ ಸಲ ಆಗಲ್ಲ ಮಾರಾಯ್ರೆ, ಅದೇ ಕಷ್ಟ. ನಿಮ್ಮ ಫೋನಲ್ಲಿ ‘ಚಿಕ್ಕಮಗಳೂರು’ ಅಂತ ಹೊಡುದ್ರೆ ಒಂದು ಮೋಡದ ಚಿತ್ರ ಬರುತ್ತೆ, ಅದು ಯಾವ ಚಿಕ್ಕಮಗಳೂರು? ಕಡೂರು ಕಡೆ ಹೋದ್ರೆ ಕೆರೆಲಿ ನೀರಿಲ್ಲ ಅಂತ ಕೂತಿರ್ತಾರೆ, ಅದೇ ದಿನ ಕೊಟ್ಟಿಗೆಹಾರದಲ್ಲಿ ಮನೆಯಿಂದ ಹೊರಗೆ ಕಾಲಿಡೋಕಾಗಲ್ಲ, ಎರಡೂ ಒಂದೇ ಜಿಲ್ಲೆ. ಜಿಲ್ಲೆಗೆ ಒಂದು ಅಲರ್ಟ್ ಕೊಟ್ರೆ ಅದು ನಮ್ಮ ಗುಡ್ಡದ ನೆತ್ತಿಗೆ ಎಷ್ಟು ಅನ್ವಯ ಅಂತ ಇಲ್ಲಿರೋನೇ ನೋಡಿ ಹೇಳ್ಬೇಕು. ಇನ್ನೊಂದು, ಪೇಟೆ ಹವಾ ಬೇರೆ ಗುಡ್ಡದ ಹವಾ ಬೇರೆ. ಸಾವಿರ ಮೀಟರ್ ಏರಿದ್ರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತೆ ಅಂತಾರೆ. ಮುಳ್ಳಯ್ಯನಗಿರಿ 1930 ಮೀಟರ್, ಚಿಕ್ಕಮಗಳೂರು ಪೇಟೆ ಸಾವಿರದ ಚಿಲ್ರೆ, ಅಂದ್ರೆ ಪೇಟೇಲಿ ಹೋಟ್ಲಲ್ಲಿ ಕೂತು ಹಿತವಾಗಿದೆ ಅಂತ ಟೀ ಶರ್ಟಲ್ಲಿ ಹೊರಟೋರಿಗೆ ಮೇಲೆ ಐದು ಡಿಗ್ರಿ ಕಮ್ಮಿ, ಅದರ ಮೇಲೆ ಗಾಳಿ, ಅದರ ಮೇಲೆ ಬಟ್ಟೆ ಒದ್ದೆ. ಈ ಮೂರೂ ಸೇರಿದ್ರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ, ಅದನ್ನ ಹೇಳೋಕೇ ಈ ಪತ್ರ.

ನಾಲ್ಕು ವರ್ಷದ ಹಿಂದೆ, ಅಕ್ಟೋಬರ್, ಚಿತ್ತೆ ಮಳೆ ನಡೀತಿತ್ತು. ಹೊರಗಿನ ಊರಿನ ಒಬ್ರು ಆರ್ಗನೈಸರ್ ಹನ್ನೊಂದು ಜನರನ್ನ ಮಿನಿ ಬಸ್ಸಲ್ಲಿ ಕರ್ಕೊಂಡ್ ಬಂದಿದ್ರು. ಸುಂಕಸಾಲೆ ಕಡೆಯಿಂದ ಹತ್ತಿ, ಬಲ್ಲಾಳರಾಯನ ದುರ್ಗದ ಕೋಟೆ ನೋಡಿ, ಅಲ್ಲಿಂದ ಹುಲ್ಲುಗುಡ್ಡದ ಮೇಲೇ ಬಂಡಾಜೆ ಅರ್ಬಿ (ಅರ್ಬಿ ಅಂದ್ರೆ ಜಲಪಾತ) ತಲೆವರೆಗೆ ಹೋಗಿ ವಾಪಸ್. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಕುದುರೆಮುಖದ ಕಡೆ ಗುಡ್ಡ ಎಲ್ಲಾ ಕೈಗೆ ಸಿಗೋ ಹಾಗೆ ಹತ್ತಿರ ಕಾಣ್ತಿತ್ತು, ನಮ್ಮಜ್ಜ ಹೇಳೋರು ದೂರದ ಗುಡ್ಡ ಹತ್ರ ಬಂದ್ರೆ ಮಳೆ ಹತ್ರ ಬಂತು ಅಂತ (ಹತ್ತಕ್ಕೆ ಆರು ಸಲ ಸರಿ ಆಗುತ್ತೆ, ಉಳಿದ ನಾಲ್ಕು ಸಲ ಬೈಸ್ಕೊಳ್ಳೋದು ಗೈಡ್). ಹನ್ನೆರಡೂವರೆ ಹೊತ್ತಿಗೆ ಕೋಟೆ ದಾಟಿದ್ವಿ, ಮೂಡಲ ಕಡೆ ಹೂಕೋಸಿನ ಥರ ಮೋಡ ಒಂದರ ಮೇಲೊಂದು ಏರ್ತಾ ಇತ್ತು. ಆರಿದ್ರೆ ಪುನರ್ವಸು ಕಾಲದಲ್ಲಿ, ಅಂದ್ರೆ ಜೂನ್ ಕೊನೆ ಜುಲೈಲಿ, ನಮಗೆ ಮಳೆ ಬರೋದು ಪಡುವಲಿಂದ, ಘಟ್ಟದ ಕೆಳಗಿಂದ, ಅದು ಹಿಡಿದ್ರೆ ಬಿಡಲ್ಲ ಆದ್ರೆ ಗುಡುಗು ಸಿಡಿಲು ಕಮ್ಮಿ. ಚಿತ್ತೆ ಸ್ವಾತಿ ಹಾಗಲ್ಲ, ಹೆಚ್ಚಾಗಿ ಮಧ್ಯಾಹ್ನದ ಮೇಲೆ ಮೂಡಲಿಂದ ಬರುತ್ತೆ, ಎರಡು ಗಂಟೆ ಹುಯ್ದು ಹೋಗುತ್ತೆ, ಆ ಎರಡು ಗಂಟೇಲೇ ಸಿಡಿಲು. ನಾನು ಹೇಳ್ದೆ, ಸಾರ್ ಇಲ್ಲಿಂದ ತಿರುಗಣ ಅಂತ.

ಆರ್ಗನೈಸರ್ ನನ್ನ ಹೆಗಲ ಮೇಲೆ ಕೈ ಹಾಕಿ ‘ಗೈಡಣ್ಣ, ಜನ ಫಾಲ್ಸ್ ಫೋಟೋ ನೋಡೇ ದುಡ್ಡು ಕಟ್ಟಿರೋದು, ಇನ್ನರ್ಧ ಗಂಟೆ ಅಷ್ಟೇ ಅಲ್ವಾ’ ಅಂದ್ರು. ನನ್ನ ಕೂಲಿ ಅವರ ಜೇಬಲ್ಲಿತ್ತು, ಇಳಿದ್ಮೇಲೆ ಕೊಡೋ ಮಾತು. ಮುಂದಿನ ವಾರ ಇನ್ನೆರಡು ಬ್ಯಾಚ್ ಇದೆ ಅಂತ್ಲೂ ಹೇಳಿದ್ರು. ನಾನು ಹೂಂ ಅಂದೆ. ತಪ್ಪು ನಂದೇ, ಅದನ್ನ ಬೇರೆಯವರ ತಲೆಗೆ ಕಟ್ಟಲ್ಲ.

ಎರಡು ಗಂಟೆ ಸುಮಾರಿಗೆ ಬೋಳುಗುಡ್ಡದ ನಡೂಮಧ್ಯ ಇದ್ದಾಗ ಮೊದಲ್ನೇ ಮಿಂಚು. ಎಣಿಸಿದೆ, ಒಂದು ಎರಡು ಮೂರು ಅಂತ, ಇಪ್ಪತ್ತಕ್ಕೆ ಗುಡುಗು ಬಂತು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ, ಅಂದ್ರೆ ಆರೇಳು ಕಿಲೋಮೀಟರ್ ದೂರ. ಕೇಳೋಕೆ ದೂರ ಅನ್ಸುತ್ತೆ, ಅಲ್ಲ, ಮೂವತ್ತರ ಒಳಗೆ ಗುಡುಗು ಕೇಳ್ತು ಅಂದ್ರೆ ಮುಂದಿನ ಸಿಡಿಲು ನಿಮ್ಮ ತಲೆ ಮೇಲೇ ಬೀಳ್ಬಹುದು, ಆಗ್ಲೇ ಜಾಗ ಖಾಲಿ ಮಾಡ್ಬೇಕು. ಕೆಲವರು ಕೋಟೆ ಗೋಡೆ ಸಂದಿಗೆ ಓಡಣ ಅಂದ್ರು, ಇಬ್ರು ಅಲ್ಲೊಂದು ಒಂಟಿ ಮರ ಇತ್ತು ಅದರ ಕೆಳಗೆ ಹೋಗಿ ನಿಂತೇಬಿಟ್ಟಿದ್ರು. ಬೈದು ಎಳ್ಕೊಂಡ್ ಬಂದೆ. ಗುಡ್ಡದ ನೆತ್ತಿಯಿಂದ ಕೆಳಗಿಳಿಸಿ, ಎರಡು ಗುಡ್ಡದ ನಡುವಿನ ಶೋಲಾ ಕಾಡಿನ ಅಂಚಿಗೆ, ಒಂದೇ ಎತ್ತರದ ಗಿಡ್ಡ ಮರಗಳು ಒತ್ತಾಗಿರೋ ಕಡೆ ಬಿಟ್ಟೆ, ಒಬ್ಬರಿಗೊಬ್ರು ಅಂಟಿ ಕೂರ್ಬೇಡಿ, ದೂರ ದೂರ ಕುಕ್ಕರುಗಾಲಲ್ಲಿ ಕೂತ್ಕೊಳಿ, ಮಲ್ಗಬೇಡಿ ಅಂದೆ. ಆ ಕಾಡಲ್ಲಿ ಇಂಬಳ ಅಂದ್ರೆ ಇಂಬಳ, ಶೂ ಒಳಗೆ, ಸಾಕ್ಸ್ ಒಳಗೆ, ಒಬ್ಬರ ಕಿವಿ ಹಿಂದೆ. ಒಂದು ಹುಡುಗಿ ಕಿರುಚ್ತಾನೇ ಇತ್ತು. ಇಂಬಳ ಕಚ್ಚಿದ್ರೆ ರಕ್ತ ಹೋಗುತ್ತಮ್ಮ ಜೀವ ಹೋಗಲ್ಲ, ಸುಮ್ನಿರು ಅಂದೆ.

ಕೊನೇ ಗುಡುಗಾಗಿ ಅರ್ಧ ಗಂಟೆ ಕಾದು ಎದ್ವಿ. ಆಗ ನೋಡಿದ್ದು ಆ ಹುಡುಗನ್ನ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರ್ಬಹುದು, ಬೆಳಿಗ್ಗೆ ಎಲ್ಲರಿಗಿಂತ ಮುಂದೆ ಓಡ್ತಿದ್ದೋನು. ಜೀನ್ಸ್ ಪ್ಯಾಂಟ್, ಕಾಟನ್ ಟೀ ಶರ್ಟ್, ಎರಡೂ ಮೈಗೆ ಅಂಟ್ಕೊಂಡಿತ್ತು. ಬ್ಯಾಗಿನ ಜಿಪ್ ತೆಗೆಯೋಕೆ ಬೆರಳು ಬರ್ತಿಲ್ಲ. ಹೆಸರೇನು ಅಂತ ಕೇಳಿದ್ರೆ ಕುಡ್ದೋರ ಥರ ತೊದಲ್ತಾನೆ, ನಂಗೇನೂ ಆಗಿಲ್ಲ ಬ್ರೋ ಅಂತಾನೆ, ಅಲ್ಲೇ ಕೂತ್ಕೊಳ್ತೀನಿ ನೀವು ಹೋಗಿ ಅಂತಾನೆ. ಸ್ನೇಹಿತರು ನಗ್ತಿದ್ರು, ಆಕ್ಟಿಂಗ್ ಅಂತ. ನಡುಗ್ತಾ ಇದ್ದಷ್ಟು ಹೊತ್ತು ಪರವಾಗಿಲ್ಲ, ಮೈಯಲ್ಲಿ ಇನ್ನೂ ಕಾವು ಮಾಡ್ಕೊಳ್ಳೋ ಶಕ್ತಿ ಇದೆ ಅಂತ. ಚಳಿ ಹಾಗೇ ಇದ್ದು ನಡುಕ ನಿಂತ್ರೆ ಆಗ ಕೈಮೀರ್ತಾ ಇದೆ ಅಂತ ಅರ್ಥ. ಪುಣ್ಯ, ಇನ್ನೂ ನಡುಗ್ತಿದ್ದ. ಒದ್ದೆ ಬಟ್ಟೆ ಪೂರ್ತಿ ಬಿಚ್ಚಿಸಿ ನನ್ನ ಬ್ಯಾಗಲ್ಲಿ ಪ್ಲಾಸ್ಟಿಕ್ ಕವರಲ್ಲಿಟ್ಟಿದ್ದ ಒಣ ಬನಿಯನ್, ಪಂಚೆ, ಮೇಲೆ ನನ್ನ ಕಂಬಳಿಕೊಪ್ಪೆ, ಅದರ ಮೇಲೆ ಟಾರ್ಪಾಲ್ ಸುತ್ತಿದ್ವಿ, ಫ್ಲಾಸ್ಕಲ್ಲಿ ಉಳಿದಿದ್ದ ಬೆಲ್ಲದ ಕಾಫಿ ಸ್ವಲ್ಪ ಸ್ವಲ್ಪ ಕುಡಿಸಿದ್ವಿ. ಒಬ್ರು ಬಾಟ್ಲಿ ತೆಗೆದ್ರು, ಒಂದು ಗುಟುಕು ಹಾಕಿದ್ರೆ ಬಿಸಿ ಆಗುತ್ತೆ ಅಂತ. ಕಿತ್ಕೊಂಡೆ. ಕುಡಿದ್ರೆ ಬಿಸಿ ಅನ್ಸೋದು ಚರ್ಮಕ್ಕೆ, ಒಳಗಿನ ಕಾವು ಇನ್ನೂ ಬೇಗ ಹೊರಗೆ ಹೋಗುತ್ತೆ. ಮುಕ್ಕಾಲು ಗಂಟೆ ಆದ್ಮೇಲೆ ಸರಿಯಾಗಿ ಮಾತಾಡ್ದ.

ಅಷ್ಟರಲ್ಲಿ ಕಾವಳ. ಘಟ್ಟದ ಕೆಳಗಿಂದ ಹೊಗೆ ಎದ್ದ ಹಾಗೆ ಬಂದು ಐದೇ ನಿಮಿಷಕ್ಕೆ ಮುಂದಿನೋರ ಬೆನ್ನು ಕಾಣ್ದಂಗಾಯ್ತು. ಆ ಹುಲ್ಲುಗುಡ್ಡದಲ್ಲಿ ಮನುಷ್ಯರ ದಾರಿಗಿಂತ ದನದ ದಾರಿ ಜಾಸ್ತಿ, ಎಲ್ಲಾ ಒಂದೇ ಥರ, ಒಂದು ಕಡೆ ತಪ್ಪಿದ್ರೆ ಬೆಳ್ತಂಗಡಿ ಕಡೆ ಪ್ರಪಾತ. ಮಳೆಗಾಲದಲ್ಲಾದ್ರೆ ಬಂಡಾಜೆಯಿಂದ ಕೋಟೆಗೆ ವಾಪಸ್ ಬರುವಾಗ ಗಾಳಿ ಎಡಗೆನ್ನೆಗೆ ಹೊಡೀತಾ ಇರ್ಬೇಕು, ಬಲಗೆನ್ನೆಗೆ ಬಂದ್ರೆ ದಾರಿ ತಪ್ಪಿದೀಯ ಅಂತ, ಆ ಲೆಕ್ಕದ ಮೇಲೆ ನಾನು ಬಂದಿದೀನಿ. ಅವತ್ತು ಗಾಳೀನೇ ಇಲ್ಲ. ಎಲ್ಲರನ್ನೂ ಕೂರಿಸಿ ತಲೆ ಎಣಿಸಿ, ಸ್ವಲ್ಪ ಹೊಳವಾದಾಗ ನಡಿಯೋದು, ಮುಚ್ಚಿದಾಗ ಕೂರೋದು, ಹಿಂಗೆ ಮಾಡಿ ಕೆಳಗಿಳಿದಾಗ ರಾತ್ರಿ ಎಂಟೂಮುಕ್ಕಾಲು. ಬಸ್ಸಿನೋನು ವೇಟಿಂಗ್ ಚಾರ್ಜ್ ಕೇಳಿದ ಅಂತ ಆರ್ಗನೈಸರ್ ನನ್ನ ಕೂಲೀಲಿ 300 ರೂಪಾಯಿ ಹಿಡ್ಕೊಂಡ್ರು. ಆ ಹುಡುಗ ನನ್ನ ಪಂಚೆ ಉಟ್ಕೊಂಡೇ ಬಸ್ ಹತ್ತಿ ಹೋದ, ಅದೂ ವಾಪಸ್ ಬರ್ಲಿಲ್ಲ ಬಿಡಿ.

ಈಗ ಹೇಳಿ, ಅವತ್ತು ಹನ್ನೆರಡೂವರೆಗೆ ನಾನು ತಿರುಗಿಸಿದ್ದಿದ್ರೆ, ಅಕಸ್ಮಾತ್ ಮೋಡ ಬೇರೆ ಕಡೆ ಹೋಗಿದ್ದಿದ್ರೆ, ನನ್ನ ಮೇಲೂ ಪೇಪರಿಗೆ ಇಂಥದ್ದೇ ಪತ್ರ ಬರ್ತಿತ್ತು. ಮಳೆ ಬಂದಿಲ್ಲ ಅಂತ ಗೈಡ್ ಸುಳ್ಳುಗಾರ ಆಗ್ಬಿಟ್ರೆ ನಾಳೆ ಯಾವ ಗೈಡ್ ವಾಪಸ್ ತಿರುಗ್ತಾನೆ?

2024ರ ಜನವರಿ ಕೊನೇಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಫೋಟೋ ಎಲ್ರೂ ನೋಡಿದೀರಿ, ಅದಾದ್ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಮಾಡ್ತು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕ್ತು. ಒಳ್ಳೇದಾಯ್ತು. ಆದ್ರೆ ಇದರಿಂದ ಇನ್ನೊಂದು ರೋಗ ಶುರುವಾಗಿದೆ, ಸೀಟ್ ಸಿಗೋದೇ ಕಷ್ಟ ಅನ್ನೋ ಕಾರಣಕ್ಕೆ ಸಿಕ್ಕಿದ ದಿನ ಗುಡುಗೋ ಸಿಡಿಲೋ ಹತ್ತೇ ತೀರ್ತೀವಿ ಅಂತ ಬರ್ತಾರೆ. ಹವಾ ಕೆಟ್ಟು ಗೈಡ್ ತಿರುಗಿಸಿದ್ರೆ ಅದೇ ಟಿಕೆಟ್ಟಲ್ಲಿ ಮೂರು ತಿಂಗಳೊಳಗೆ ಇನ್ನೊಂದು ದಿನ ಬರೋಕೆ ಬಿಡ್ಲಿ, ಪ್ರೈವೇಟ್ ಆರ್ಗನೈಸರ್‌ಗಳಿಗೂ ಇದೇ ನಿಯಮ ಹಾಕ್ಲಿ, ಗೈಡ್ ಕೂಲಿ ಹೊರಡೋ ಮುಂಚೆ ಪೂರ್ತಿ ಕೈಗೆ ಬೀಳ್ಲಿ. ಆ ಪತ್ರ ಬರೆದೋರ ಸಿಟ್ಟು ದುಡ್ಡು ಹೋಯ್ತು ಅಂತ ತಾನೆ, ಇದಾದ್ರೆ ಅವರ ದುಡ್ಡೂ ಹೋಗಲ್ಲ ನಮ್ಮ ನಾಲಿಗೇನೂ ಕಟ್ಟಿರಲ್ಲ. ಹತ್ತನ್ನೆರಡು ಜನಕ್ಕಿಂತ ಜಾಸ್ತಿ ಇದ್ರೆ ಇಬ್ರು ಗೈಡ್ ಇರ್ಲಿ. ನಲವತ್ತು ಜನಕ್ಕೆ ಒಬ್ಬ ಹುಡುಗನ್ನ ಕಳಿಸ್ತಾರೆ, ಅವನೋ ಸ್ಪೀಕರ್ ಹಾಕ್ಕೊಂಡು ಮುಂದೆ ಕುಣೀತಾ ಹೋಗ್ತಾನೆ, ಹಿಂದೆ ಯಾರು ಉಳ್ದ್ರು ಅಂತ ಅವನಿಗೆ ಗೊತ್ತಿರಲ್ಲ. ನಮ್ಮೋರಲ್ಲೂ ಇಂಥವರಿದಾರೆ, ಇಲ್ಲ ಅನ್ನಲ್ಲ.

ಇನ್ನು ಮಳೆ ಲೆಕ್ಕ. ನಮ್ಮ ಕಡೆ ಸ್ವಲ್ಪ ದೊಡ್ಡ ತೋಟ ಆದ್ರೆ ಮಳೆಮಾಪಕ ಇದ್ದೇ ಇರುತ್ತೆ, ಬೆಳಿಗ್ಗೆ ಫೋನ್ ಮಾಡಿದ್ರೆ ಮೊದಲ್ನೇ ಮಾತೇ ‘ನಿಮ್ಮಲ್ಲಿ ಎಷ್ಟು ಬಿತ್ತು’ ಅಂತ, ಅದೂ ಇಂಚು ಸೆಂಟಲ್ಲಿ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್). ಹವಾಮಾನ ಇಲಾಖೆಯವರು ದಿನಕ್ಕೆ 64.5 ಮಿಲಿಮೀಟರ್ ದಾಟಿದ್ರೆ ಭಾರಿ ಮಳೆ ಅಂತಾರೆ, ನಮ್ಮ ಲೆಕ್ಕಕ್ಕೆ ಎರಡೂವರೆ ಇಂಚು. 204.5 ಅಂದ್ರೆ ಎಂಟು ಇಂಚು, ಅದು ಅವರ ಲೆಕ್ಕದ ಕೊನೇ ಮೆಟ್ಟಿಲು. 2019ರ ಆಗಸ್ಟಲ್ಲಿ ಮಲೆಮನೆ ಕಡೆ ಗುಡ್ಡ ಜಾರಿ ಮನೆಗಳು ಕೊಚ್ಚಿಹೋಗಿದ್ದನ್ನ ನೋಡಿದೋರು ನಾವು, ಮೇಲಿಂದ ಮೇಲೆ ಮಳೆ ಹಿಡಿದಾಗ ಕಡಿದಾದ ಇಳಿಜಾರಿನ ಕೆಳಗೆ ಹೋಗಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಕೇಂದ್ರದವರು ಪಂಚಾಯ್ತಿಗೊಂದು ಮಳೆಮಾಪಕ ಇಟ್ಟಿದಾರೆ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಹೋಗುತ್ತೆ. ಆ ಲೆಕ್ಕವನ್ನ ಗುಡ್ಡದ ಗೇಟಲ್ಲಿ ಒಂದು ಕಪ್ಪು ಹಲಗೆ ಮೇಲೆ ಚಾಕ್‌ಪೀಸಲ್ಲಿ ಬರ್ದಿಟ್ರೆ ಏನು ಖರ್ಚು? ಸಿಡಿಲಿಗೆ ದಾಮಿನಿ ಅಂತ ಸರ್ಕಾರದ್ದೇ ಆ್ಯಪ್ ಇದೆ, ಸುತ್ತ ಎಲ್ಲಿ ಸಿಡಿಲು ಬೀಳ್ತಿದೆ ಅಂತ ತೋರಿಸುತ್ತೆ, ಗುಡ್ಡದ ಮೇಲೆ ಸಿಗ್ನಲ್ ಸಿಗಲ್ಲ, ಅದ್ಕೆ ಕೆಳಗೇ ನೋಡ್ಕೊಂಡ್ ಹೊರಡಿ.

ಹಳ್ಳದ್ದೂ ಒಂದು ಮಾತು ಹೇಳ್ಬಿಡ್ತೀನಿ. ಬೆಳಿಗ್ಗೆ ಪಾದ ಮುಳುಗೋ ನೀರು ಸಂಜೆ ಸೊಂಟಕ್ಕೆ ಬರುತ್ತೆ, ನೀವಿರೋ ಕಡೆ ಮಳೆ ಬಂದಿರ್ಬೇಕು ಅಂತಿಲ್ಲ, ಮೇಲೆ ಬಂದಿದ್ರೆ ಸಾಕು. ತಿಳಿನೀರು ಇದ್ದಕ್ಕಿದ್ದಂಗೆ ಕೆಂಪಗಾಗಿ ಎಲೆ ಕಡ್ಡಿ ತೇಲಿ ಬಂತು ಅಂದ್ರೆ ನೀರಿಂದ ಹೊರಗೆ ಬನ್ನಿ, ಸೆಲ್ಫಿ ಆಮೇಲೆ. ಮೊಣಕಾಲು ದಾಟಿದ್ರೆ ದಾಟೋದು ಬೇಡ, ಮಲೆನಾಡಿನ ಸಣ್ಣ ಹಳ್ಳ ಏರಿದಷ್ಟೇ ಬೇಗ ಇಳಿಯುತ್ತೆ, ಒಂದೆರಡು ಗಂಟೆ ಕಾಯ್ರಿ.

ಕೊನೇದಾಗಿ ಆ ಪತ್ರ ಬರೆದೋರಿಗೆ. ಸಾರ್, ನಿಮ್ಮ ಬೇಜಾರು ಅರ್ಥ ಆಗುತ್ತೆ, ರಾತ್ರಿ ಇಡೀ ಬಸ್ಸಲ್ಲಿ ಕೂತು ಬಂದು ಗುಡ್ಡದ ತುದಿ ನೋಡ್ದೆ ಹೋಗೋದು ಯಾರಿಗೂ ಇಷ್ಟ ಆಗಲ್ಲ. ಸ್ವಾತಿ ಮಳೆ ಮುಗಿದು ನವೆಂಬರ್ ಕೊನೇ ಹೊತ್ತಿಗೆ ಇನ್ನೊಂದ್ಸಲ ಬನ್ನಿ, ಆಗ ಬೆಳಿಗ್ಗೆ ಇಬ್ಬನಿ ಇರುತ್ತೆ, ಆಕಾಶ ಸುಮಾರಾಗಿ ಮಾತು ಉಳಿಸ್ಕೊಳ್ಳುತ್ತೆ. ಆರು ಗಂಟೆಗೆ ಹೊರಡಣ. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರಲ್ಲಿ ಕಟ್ಕೊಂಡ್ ಬನ್ನಿ, ಜೀನ್ಸ್ ಮಾತ್ರ ಹಾಕ್ಕೊಂಡ್ ಬರ್ಬೇಡಿ, ಈ ಸಲ ಕೊಡೋಕೆ ನನ್ನ ಹತ್ರ ಇನ್ನೊಂದು ಪಂಚೆ ಇಲ್ಲ.

ಇಂತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಗುಡ್ಡದ ಗೈಡ್