ಸೂರಿನ ದಂಬೆಯನ್ನು ಒಮ್ಮೆ ನೋಡಿ
ಬಂಧುಗಳೇ, ಮಳೆ ಬಿಡುವು ಕೊಟ್ಟಿದೆಯೆಂದು ಇಂದು ಬೆಳಿಗ್ಗೆ ಏಣಿ ಹಾಕಿ ನಮ್ಮ ಸೂರಿನ ದಂಬೆ (ಮಳೆನೀರು ಹರಿದುಹೋಗುವ ದೋಣಿ) ನೋಡಿದೆ. ಮಾವಿನ ಎಲೆ, ಹಂಚಿನ ಪಾಚಿ ಸೇರಿ ಕೊಳವೆಯ ಬಾಯಿ ಕಟ್ಟಿಕೊಂಡಿತ್ತು. ನಿಂತ ಎರಡು ಬೆರಳು ನೀರಿನಲ್ಲಿ ಸೊಳ್ಳೆಮರಿಗಳು ತಲೆಕೆಳಗಾಗಿ ತೂಗಾಡುತ್ತಿದ್ದವು! ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಧಾರಾಳ. ಮೊಟ್ಟೆ ಸೊಳ್ಳೆಯಾಗಲು ಸುಮಾರು 8–10 ದಿನ ಸಾಕು.

ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ದಂಬೆಯ ಒಳಮೈಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತವೆ. ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ದಂಬೆ ನಡುವೆ ಜೋತುಬಿದ್ದಿದ್ದರೆ ನೀರು ಕೊಳವೆಯತ್ತ ಇಳಿಯುವಂತೆ ಎತ್ತಿ ಬಿಗಿಸಿ.

ಹಿರಿಯರು ದಯವಿಟ್ಟು ಏಣಿ ಹತ್ತಬೇಡಿ. ಇಲ್ಲಿ ಒಂದು ಮಾತು ತಿಳಿಸಿ, ಭಾನುವಾರ ಬೆಳಿಗ್ಗೆ ನಾನೇ ಬರುತ್ತೇನೆ.