ವಿಳಾಸದ ಮೇಲಿನ ಕೆಂಪು ಶಾಯಿ

ಬುಸಾನ್, ದಕ್ಷಿಣ ಕೊರಿಯಾ
16 ನವೆಂಬರ್ 2025

ಅಪ್ಪಯ್ಯನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನಿಮ್ಮ ಕಾಗದ ಮಂಗಳವಾರ ಕೈಸೇರಿತು. ನಮ್ಮ ಕಟ್ಟಡದ ಕಾವಲಿನ ಅಜ್ಜ ಅದನ್ನು ಎಂದಿನಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು, ಆದರೆ ಎಂದಿನಂತೆ ಹೊರಟುಹೋಗಲಿಲ್ಲ. ಲಕೋಟೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಮೈಯಲ್ಲಿ ಹುಷಾರಾಗಿದ್ದೀರಷ್ಟೇ ಎಂದು ಕೇಳಿದರು. ನೀವು ನನ್ನ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಿರಿ.

ಬದುಕಿರುವವರ ಹೆಸರನ್ನು ಇಲ್ಲಿ ಕೆಂಪಿನಲ್ಲಿ ಬರೆಯುವುದಿಲ್ಲ. ಅದು ಸತ್ತವರ ಹೆಸರಿನ ಬಣ್ಣವೆಂದು ನಂಬಿಕೆ. ಅಜ್ಜನ ಗಾಬರಿಗೆ ನಗುವ ಹಕ್ಕು ನನಗಿಲ್ಲ. ಕಳೆದ ತಿಂಗಳ ಕೊನೆಗೆ ನಾನೇ ಒಂದು ಇಡೀ ತರಗತಿಗೆ ತಿಥಿ ಮಾಡಿಬಿಟ್ಟಿದ್ದೆ.

ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ನೀವು ಕೊಟ್ಟ ಕೆಂಪು ಪೆನ್ನೇ. ಇಷ್ಟು ತಿಂಗಳು ಕಷ್ಟಪಟ್ಟು ಅಕ್ಷರ ಕಲಿತದ್ದನ್ನು ತೋರಿಸಿಕೊಳ್ಳುವ ಆಸೆಯಾಗಿ, ಪ್ರತಿ ಪತ್ರಿಕೆಯ ನೆತ್ತಿಯಲ್ಲೂ ವಿದ್ಯಾರ್ಥಿಯ ಹೆಸರನ್ನು ಕೊರಿಯನ್ ಲಿಪಿಯಲ್ಲಿ ದೊಡ್ಡದಾಗಿ ಬರೆದು ಕೆಳಗೆ ಅಂಕ ಹಾಕಿದೆ. ಹಂಚುವಾಗ ಒಬ್ಬೊಬ್ಬರೂ ಎದ್ದು ಬಂದು, ಎರಡು ಕೈ ಚಾಚಿ, ತಲೆ ಬಾಗಿಸಿ ತೆಗೆದುಕೊಂಡರು. ಆಮೇಲೆ ಪಿಟ್ಟೆಂದವರಿಲ್ಲ. ಅಂಕ ಕಡಿಮೆಯಾಯಿತೇನೋ ಎಂದುಕೊಂಡೆ. ಸಂಜೆ ಒಬ್ಬ ಹುಡುಗ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತ. ಚಳಿಯ ಬಗ್ಗೆ ಮಾತನಾಡಿದ, ಊಟವಾಯಿತೇ ಎಂದು ಕೇಳಿದ, ಕೊನೆಗೆ ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಅಂಕಗಳೆಲ್ಲ ಸರಿಯಾಗಿವೆ, ಹೆಸರು ಮಾತ್ರ ಎಂದು ನಿಲ್ಲಿಸಿದ. ಅವನಿಗೆ ಹೇಳಲು ನಾಚಿಕೆ, ನನಗೆ ಕೇಳಲು. ಮರುದಿನ ಎಲ್ಲ ಪತ್ರಿಕೆಗಳನ್ನೂ ವಾಪಸು ಇಸಿದುಕೊಂಡು ಹೆಸರುಗಳನ್ನು ನೀಲಿಯಲ್ಲಿ ಬರೆದುಕೊಟ್ಟೆ. ಆಗ ಮೊದಲ ಬಾರಿಗೆ ತರಗತಿ ಬಾಯಿ ಬಿಟ್ಟು ನಕ್ಕಿತು.

ಈ ಲಿಪಿಯನ್ನು ನಿಮಗೆ ತೋರಿಸಬೇಕು. ಹಾಂಗುಲ್ ಎನ್ನುತ್ತಾರೆ. ಸೆಜೊಂಗ್ ಎಂಬ ಅರಸ 1443ರಲ್ಲಿ ರೂಪಿಸಿ 1446ರಲ್ಲಿ ಜನರಿಗೆ ಕೊಟ್ಟದ್ದು. ಇದಕ್ಕಾಗಿ ಅಕ್ಟೋಬರ್ 9ರಂದು ರಜೆಯೂ ಇದೆ. ಅಕ್ಷರಗಳ ಹೆಸರಿನಲ್ಲಿ ರಜೆ ಕೊಡುವ ದೇಶ ನಿಮಗೆ ಹಿಡಿಸದೇ ಇರದು. ಕ ಎನ್ನುವಾಗ ನಾಲಿಗೆಯ ಬುಡ ಗಂಟಲನ್ನು ಮುಚ್ಚುತ್ತದಲ್ಲ, ಆ ಆಕಾರವನ್ನೇ ಅಕ್ಷರ ಮಾಡಿದ್ದಾರೆ. ವ್ಯಂಜನಕ್ಕೆ ಸ್ವರ ಸೇರಿಸಿ ಒಂದು ಚೌಕದೊಳಗೆ ಕೂರಿಸಿದರೆ ನಮ್ಮ ಕಾಗುಣಿತವೇ. ಕ್ರಿಯಾಪದ ನಮ್ಮಂತೆಯೇ ವಾಕ್ಯದ ಕೊನೆಯಲ್ಲಿ. ಮೊನ್ನೆ ಮೆಟ್ರೋದಲ್ಲಿ ಯಾವುದೋ ಮಗು ‘ಅಪ್ಪಾ’ ಎಂದು ಕೂಗಿತು, ನಾನು ತಿರುಗಿ ನೋಡಿದೆ. ಇಲ್ಲಿಯೂ ಅಪ್ಪನಿಗೆ ಅಪ್ಪನೇ.

ಗುರುವಿಗೆ ಇಷ್ಟೆಲ್ಲ ತಲೆಬಾಗುವ ಊರಿನಲ್ಲಿ, ನಾನು ವಿದ್ಯಾರ್ಥಿಯಿಂದ ಒಂದು ಲೋಟ ಕಾಫಿಯನ್ನೂ ತೆಗೆದುಕೊಳ್ಳುವಂತಿಲ್ಲ. 2016ರಿಂದ ಜಾರಿಯಲ್ಲಿರುವ ಕಾನೂನು. ಅದನ್ನು ಸೂಚಿಸಿದ ನಿವೃತ್ತ ನ್ಯಾಯಮೂರ್ತಿಯ ಹೆಸರಿನಿಂದ ಜನ ಅದನ್ನು ಕಿಮ್ ಯಂಗ್‌ ರಾನ್ ಕಾನೂನು ಎನ್ನುತ್ತಾರೆ. ಇಲ್ಲಿಯ ಶಿಕ್ಷಕರ ದಿನ ಮೇ 15, ಅದೇ ಸೆಜೊಂಗನ ಹುಟ್ಟುಹಬ್ಬ. ಅಂದು ಕೂಡ ತರಗತಿಯ ಪರವಾಗಿ ಒಬ್ಬಳು ಎಲ್ಲರೆದುರು ಒಂದು ಹೂವು ಕೊಟ್ಟಳು, ಮುಗಿಯಿತು. ಸೆಪ್ಟೆಂಬರಿನಲ್ಲಿ ಯಾರೋ ನನ್ನ ಮೇಜಿನ ಮೇಲೆ ಕಾಫಿ ಡಬ್ಬಿ ಇಟ್ಟಿದ್ದರು. ಯಾರದೆಂದು ಕೇಳಿ, ಕುಡಿಯದೆ ಹಿಂದಿರುಗಿಸಿದೆ. ಆಗ ನೆನಪಾದದ್ದು ನಮ್ಮ ಮನೆಯ ಜಗುಲಿ. ಮಳೆಗಾಲ ಬಂದರೆ ಮಕ್ಕಳು ಚಪ್ಪರದ ಮೊದಲ ಸೌತೆಕಾಯಿಯನ್ನು ಮಾಷ್ಟ್ರಿಗೆಂದು ತಂದಿಟ್ಟು ಓಡುತ್ತಿದ್ದರಲ್ಲ? ಇಲ್ಲಿನ ಲೆಕ್ಕದಲ್ಲಿ ನೀವು ಮೂವತ್ತು ವರ್ಷದ ಹಳೆಯ ಅಪರಾಧಿ. ಕಾನೂನು ಬೇಕಾಗಿಯೇ ಬಂದಿದೆ, ನಾನು ಒಪ್ಪುತ್ತೇನೆ. ಆದರೆ ಡಬ್ಬಿಯನ್ನು ಹಿಂದಕ್ಕೆ ಪಡೆದ ಹುಡುಗಿಯ ಮುಖ ನೋಡಿದ್ದರೆ ನೀವು ಸೌತೆಕಾಯಿಯ ಪರವೇ ವಹಿಸುತ್ತಿದ್ದಿರಿ.

ಮೊನ್ನೆ ಗುರುವಾರ ಇಲ್ಲಿ ‘ಸುನುಂಗ್’, ಕಾಲೇಜು ಪ್ರವೇಶದ ಪರೀಕ್ಷೆ. ಕಚೇರಿಗಳು ತಡವಾಗಿ ತೆರೆದವು. ಇಂಗ್ಲಿಷ್ ಕೇಳಿ ಬರೆಯುವ ಭಾಗಕ್ಕೆಂದು ಮಧ್ಯಾಹ್ನ 35 ನಿಮಿಷ ದೇಶದಲ್ಲೆಲ್ಲೂ ವಿಮಾನ ಏರಲಿಲ್ಲ, ಇಳಿಯಲಿಲ್ಲ. ಆ ಬೆಳಿಗ್ಗೆ ಮಕ್ಕಳಿಗೆ ಕಡಲಪಾಚಿಯ ಸಾರು ಬಡಿಸುವುದಿಲ್ಲ, ಜಾರುತ್ತದೆ. ಅಂಟುವ ಮಿಠಾಯಿ ಕೊಡುತ್ತಾರೆ, ಸೀಟು ಅಂಟಿಕೊಳ್ಳಲಿ ಎಂದು. ಸಂಖ್ಯಾಶಾಸ್ತ್ರ ಕಲಿಸುವ ನಾನು ಸುಮ್ಮನಿದ್ದೆ. ಪರೀಕ್ಷೆಯ ದಿನ ಅಮ್ಮ ನನಗೆ ಮೊಸರು ಸಕ್ಕರೆ ತಿನ್ನಿಸುತ್ತಿದ್ದಳಲ್ಲ.

ಅಮ್ಮನಿಗೆ ಹೇಳಿ: ಎದುರು ಮನೆಯ ಅಜ್ಜಿ ನನ್ನನ್ನು ಕಿಮ್‌ಜಾಂಗ್‌ಗೆ ಕರೆದಿದ್ದಾರೆ. ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿಯನ್ನು ಮನೆಮಂದಿ, ನೆರೆಹೊರೆ ಕೂಡಿ ಹಾಕಿಡುವ ಕೆಲಸ ಅದು. 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಎಲೆಕೋಸನ್ನು ಸೀಳಿ ಉಪ್ಪು ಹಾಕಿ ರಾತ್ರಿಯಿಡೀ ಬಿಟ್ಟು, ಮರುದಿನ ಎಲೆ ಎಲೆಗೂ ಮೆಣಸಿನ ಮಸಾಲೆ ಸವರಬೇಕು. ಮಾತಿನ ನಡುವೆ ಅಜ್ಜಿ ಪಕ್ಕದ ಮನೆಯವರ ಉಪ್ಪು ಹೆಚ್ಚೆಂದು ದೂರಿದರು. ನನಗೆ ಅಪ್ಪೆಮಿಡಿ ಹಾಕುವ ದಿನ ಅತ್ತೆಯವರು ನಡೆಸುವ ಚರ್ಚೆ ಕಿವಿಗೆ ಬಿದ್ದಂತಾಯಿತು. ಮಸಾಲೆಗೆ ಮೀನಿನ ರಸ ಸೇರುತ್ತದೆ. ನಾನು ತಿನ್ನುವುದಿಲ್ಲವೆಂದಾಗ ಅಜ್ಜಿ ಬೇಸರಿಸಲಿಲ್ಲ. ಬೌದ್ಧ ವಿಹಾರದಲ್ಲಿ ಮಾಡುವಂತೆ ಮೀನಿಲ್ಲದ್ದು ನಾಲ್ಕು ಕೋಸು ಬೇರೆ ಹಾಕೋಣ ಎಂದರು. ಬರಿಗೈಯಲ್ಲಿ ಹೋಗಲಾಗದು. ಅಜ್ಜಿ ನನ್ನ ವಿದ್ಯಾರ್ಥಿಯಲ್ಲವಾದ್ದರಿಂದ ಕೊಟ್ಟು ತೆಗೆದುಕೊಳ್ಳಲು ಅಡ್ಡಿಯಿಲ್ಲ. ಒಳ್ಳೆಯ ಏಲಕ್ಕಿ ಇದ್ದರೆ ಕಾಲು ಕಿಲೋ ಕಳಿಸಿ.

ಡಿಸೆಂಬರ್ ಕೊನೆಗೆ ತರಗತಿ ಮುಗಿಯುತ್ತದೆ. ಟಿಕೆಟ್ ಆದ ಮೇಲೆ ತಿಳಿಸುತ್ತೇನೆ.

ಪಾರ್ಸೆಲ್ ಮೇಲೆ ವಿಳಾಸವನ್ನು ದಯವಿಟ್ಟು ನೀಲಿಯಲ್ಲಿ ಬರೆಯಿರಿ, ಅಜ್ಜನ ವಯಸ್ಸು ಎಪ್ಪತ್ತರ ಮೇಲೆ. ಒಳಗಿನ ಕಾಗದಕ್ಕೆ ಈ ನಿಯಮವಿಲ್ಲ. ಈ ಪತ್ರದಲ್ಲಿ ತಪ್ಪಿದ್ದರೆ ಎಂದಿನಂತೆ ಕೆಂಪಿನಲ್ಲೇ ತಿದ್ದಿ ಕಳಿಸಿ.

ಇತಿ ನಿಮ್ಮ ಮಗಳು